ಜೀವಕೋಶದ ಶಕ್ತಿ ಲೆಕ್ಕ, ಪ್ರೋಟೀನಿನ ಮಡಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎಸ್ಸಿಯಲ್ಲಿ ಬಯೋಕೆಮಿಸ್ಟ್ರಿ ತೆಗೆದುಕೊಂಡವರು ಮೊದಲು ಎಡವುವುದು ಥರ್ಮೋಡೈನಮಿಕ್ಸ್ ಪಾಠದಲ್ಲೇ. ಗ್ಲೈಕಾಲಿಸಿಸ್, ಕ್ರೆಬ್ಸ್ ಸೈಕಲ್ ಎಲ್ಲವನ್ನೂ ಉರು ಹೊಡೆಯಬಹುದು. ಡೆಲ್ಟಾ ಜಿಯನ್ನು ಉರು ಹೊಡೆದರೆ ಏನೂ ಉಪಯೋಗವಿಲ್ಲ. ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಗಣಿತಕ್ಕೆ ಹೆದರಬೇಡಿ, ಲಾಗ್ ಅಂದರೇನು ಅಂತ ಗೊತ್ತಿದ್ದರೆ ಸಾಕು.

ಥರ್ಮೋಡೈನಮಿಕ್ಸ್ ಅಂದ್ರೆ ಸ್ಟೀಮ್ ಎಂಜಿನ್ ಪಾಠ ಅಲ್ವಾ? ಬಯಾಲಜಿಯವರಿಗೆ ಯಾಕೆ?

ಎಂಜಿನ್ ಸುತ್ತ ಬೆಳೆದದ್ದು ನಿಜ. ಆದರೆ ಅದಕ್ಕೂ ಮುಂಚೆ, 1782-83ರ ಚಳಿಗಾಲದಲ್ಲಿ, ಪ್ಯಾರಿಸ್‌ನಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ಗನ್ನು ಸುತ್ತಲೂ ಐಸ್ ತುಂಬಿದ ಪಾತ್ರೆಯೊಳಗೆ ಕೂರಿಸಿದರು. ಅದರ ಮೈಶಾಖಕ್ಕೆ ಎಷ್ಟು ಐಸ್ ಕರಗಿತು ಅಂತ ಅಳೆದರು. ಅದು ಉಸಿರಿನಲ್ಲಿ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನೂ ಅಳೆದರು. ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬರುವಷ್ಟು ಇದ್ದಿಲು ಸುಟ್ಟರೆ ಎಷ್ಟು ಐಸ್ ಕರಗುತ್ತದೆ ಅಂತ ಹೋಲಿಸಿ ನೋಡಿದರು. ಎರಡು ಲೆಕ್ಕವೂ ಹತ್ತಿರ ಹತ್ತಿರ ಬಂತು. ಉಸಿರಾಟವೂ ಒಂದು ಬಗೆಯ ನಿಧಾನದ ಉರಿಯೇ ಅಂತ ಹೇಳುವ ಧೈರ್ಯ ಅವರಿಗೆ ಬಂದದ್ದು ಹೀಗೆ.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಸ್ಟೀಮ್ ಎಂಜಿನ್ ಓಡಬೇಕಾದರೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರಬೇಕು. ಜೀವಕೋಶದ ಒಳಗೆಲ್ಲ ಉಷ್ಣತೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಶಾಖದಿಂದ ಕೆಲಸ ತೆಗೆಯುವ ದಾರಿ ಕೋಶಕ್ಕಿಲ್ಲ. ಅದಕ್ಕೆ ಬೇಕಾದ್ದು ಬೇರೆ ಲೆಕ್ಕ. ಆ ಲೆಕ್ಕ ಹಾಕಿಕೊಟ್ಟವರು 1870ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿದ್ದ ವಿಲ್ಲರ್ಡ್ ಗಿಬ್ಸ್. ಡೆಲ್ಟಾ ಜಿಯಲ್ಲಿರುವ ಜಿ ಅವರ ಹೆಸರಿನದೇ.

ಡೆಲ್ಟಾ ಜಿ ಅಂದ್ರೆ ಏನು? ಸರಳವಾಗಿ ಹೇಳಿ.

ಒಂದು ಕ್ರಿಯೆ ಸಮತೋಲನದಿಂದ ಎಷ್ಟು ದೂರ ಇದೆ, ಯಾವ ದಿಕ್ಕಿಗೆ ಹೋಗಬೇಕು ಅನ್ನುವುದರ ಅಳತೆ. ಮೈನಸ್ ಆದರೆ ಮುಂದಕ್ಕೆ, ಪ್ಲಸ್ ಆದರೆ ಹಿಂದಕ್ಕೆ, ಸೊನ್ನೆಯಾದರೆ ಸಮತೋಲನ.

ಸೂತ್ರ ಗೊತ್ತೇ ಇದೆ: ಡೆಲ್ಟಾ ಜಿ = ಡೆಲ್ಟಾ ಎಚ್ − ಟಿ × ಡೆಲ್ಟಾ ಎಸ್. ಎಚ್ ಅಂದರೆ ಶಾಖದ ಬಾಬ್ತು, ಎಸ್ ಅಂದರೆ ಎಂಟ್ರೊಪಿ, ಟಿ ಅಂದರೆ ಕೆಲ್ವಿನ್‌ನಲ್ಲಿ ಉಷ್ಣತೆ. ಎಂಟ್ರೊಪಿಯನ್ನು 'ಅವ್ಯವಸ್ಥೆ' ಅಂತ ಬರೆಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಅಣುಗಳು ಎಷ್ಟು ರೀತಿಯಲ್ಲಿ ಇರಬಹುದು ಅನ್ನುವ ಎಣಿಕೆ ಅಂತ ತಿಳಿದುಕೊಂಡರೆ ಮುಂದೆ ಪ್ರೋಟೀನ್ ಬಂದಾಗ ಗೊಂದಲ ಆಗುವುದಿಲ್ಲ.

ಮೈನಸ್ ಇದ್ರೆ ತಾನಾಗೇ ನಡೆಯುತ್ತೆ ಅಂತಾರೆ. ಹಾಗಾದ್ರೆ ಡಬ್ಬಿಯಲ್ಲಿರೋ ಸಕ್ಕರೆ ಯಾಕೆ ಸುಮ್ನೆ ಕೂತಿದೆ?

ಒಳ್ಳೆಯ ಪ್ರಶ್ನೆ. ಗ್ಲೂಕೋಸ್ ಆಮ್ಲಜನಕದ ಜೊತೆ ಸೇರಿ ಪೂರ್ತಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾದರೆ ಪ್ರತಿ ಮೋಲ್‌ಗೆ ಸುಮಾರು ಮೈನಸ್ 2870 ಕಿಲೋಜೂಲ್. ಮೈನಸ್ ಸಣ್ಣದೇನಲ್ಲ. ಆದರೂ ಅಡುಗೆಮನೆಯ ಸಕ್ಕರೆ ವರ್ಷಗಟ್ಟಲೆ ಹಾಗೇ ಇರುತ್ತದೆ, ಇರುವೆ ಬಂದರೆ ಮಾತ್ರ ಖಾಲಿ.

ಡೆಲ್ಟಾ ಜಿ ದಿಕ್ಕು ಹೇಳುತ್ತದೆ, ವೇಗ ಹೇಳುವುದಿಲ್ಲ. ಹಳೆಯ ಬಂಧಗಳು ಅರ್ಧ ಬಿಚ್ಚಿ ಹೊಸವು ಇನ್ನೂ ಪೂರ್ತಿ ಕೂಡದ ಒಂದು ಕಷ್ಟದ ಸ್ಥಿತಿ ಮಧ್ಯೆ ಬರುತ್ತದೆ. ಅಷ್ಟು ಶಕ್ತಿ ಒಮ್ಮೆಲೇ ಸಿಗುವ ಅಣು ಕೋಣೆಯ ಉಷ್ಣತೆಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಇದನ್ನೇ ಆಕ್ಟಿವೇಶನ್ ಎನರ್ಜಿ ಅನ್ನುವುದು.

ನಮ್ಮ ಮೈಯ ಪ್ರೋಟೀನೂ ಇದೇ ಕಾರಣಕ್ಕೆ ಉಳಿದಿದೆ. ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಜೋಡಿಸುವ ಪೆಪ್ಟೈಡ್ ಬಂಧ ನೀರಿನಲ್ಲಿ ಒಡೆಯುವುದು ಇಳಿಜಾರಿನ ಕ್ರಿಯೆಯೇ. ಕಿಣ್ವ (ಎಂಜೈಮ್, ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನ್) ಇಲ್ಲದಿದ್ದರೆ ಅದಕ್ಕೆ ನೂರಾರು ವರ್ಷ ಬೇಕು, ಅಷ್ಟೇ.

ಕಿಣ್ವ ಡೆಲ್ಟಾ ಜಿಯನ್ನು ಕಡಿಮೆ ಮಾಡುತ್ತಾ?

ಇಲ್ಲ. ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಹೋಗುವ ಜಾಗ ಇದು. ಕಿಣ್ವ ಕಡಿಮೆ ಮಾಡುವುದು ಆಕ್ಟಿವೇಶನ್ ಎನರ್ಜಿಯನ್ನು. ಶುರು ಮತ್ತು ಕೊನೆ ಎರಡೂ ಇದ್ದಲ್ಲೇ ಇರುತ್ತವೆ. ಸಮತೋಲನದ ಪ್ರಮಾಣವೂ ಬದಲಾಗುವುದಿಲ್ಲ. ಅಲ್ಲಿಗೆ ತಲುಪುವ ಹೊತ್ತು ಮಾತ್ರ ಕಡಿಮೆಯಾಗುತ್ತದೆ. ಮುಂದಕ್ಕೆ ಎಷ್ಟು ಪಟ್ಟು ವೇಗ ಕೊಟ್ಟಿತೋ ಹಿಂದಕ್ಕೂ ಅಷ್ಟೇ ಪಟ್ಟು ಕೊಡುತ್ತದೆ.

ಎಷ್ಟು ವೇಗ ಅಂತ ಒಂದು ಉದಾಹರಣೆ. ಆರ್‌ಎನ್‌ಎಗೆ ಬೇಕಾದ ಯೂರಿಡಿನ್ ತಯಾರಾಗುವ ದಾರಿಯಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್ ಕಳಚುವ ಹೆಜ್ಜೆ ಇದೆ. ಕಿಣ್ವ ಇಲ್ಲದೆ ಬರೀ ನೀರಿನಲ್ಲಿ ಅರ್ಧದಷ್ಟು ಅಣುಗಳು ಹಾಗೆ ಬದಲಾಗಲು ಸುಮಾರು 7 ಕೋಟಿ 80 ಲಕ್ಷ ವರ್ಷ ಬೇಕು ಅಂತ 1995ರಲ್ಲಿ ರಾಡ್ಜಿಕಾ ಮತ್ತು ವುಲ್ಫೆಂಡನ್ ಲೆಕ್ಕ ಹಾಕಿದರು. ಅಂದರೆ ಡೈನೋಸಾರ್ ಕಾಲದಲ್ಲಿ ಶುರುವಾದದ್ದು ಈಗ ಅರ್ಧ ಮುಗಿದಿರುತ್ತಿತ್ತು. ಒಎಂಪಿ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಇದನ್ನು ಸೆಕೆಂಡಿಗೆ ಸುಮಾರು 39 ಸಲ ಮಾಡುತ್ತದೆ. ಡೆಲ್ಟಾ ಜಿ ಎರಡರಲ್ಲೂ ಒಂದೇ.

ಡೆಲ್ಟಾ ಜಿ ಬೇರೆ, ಡೆಲ್ಟಾ ಜಿ ನಾಟ್ ಪ್ರೈಮ್ ಬೇರೆಯಾ?

ಬೇರೆ. ಇಡೀ ಪಾಠದಲ್ಲಿ ಒಂದೇ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು ಅಂದರೆ ಇದನ್ನೇ ಮಾಡಿಕೊಳ್ಳಿ.

ನಾಟ್ ಪ್ರೈಮ್ ಒಂದು ಒಪ್ಪಂದದ ಸಂಖ್ಯೆ. ಪಿಎಚ್ 7, 25 ಡಿಗ್ರಿ ಸೆಲ್ಸಿಯಸ್, ಕ್ರಿಯೆಯಲ್ಲಿ ಭಾಗವಹಿಸುವ ಪ್ರತಿಯೊಂದೂ 1 ಮೋಲಾರ್ ಇದ್ದಾಗ ಎಷ್ಟು ಅಂತ. ಯಾರ ಜೀವಕೋಶದಲ್ಲೂ ಎಲ್ಲವೂ 1 ಮೋಲಾರ್ ಇರುವುದಿಲ್ಲ. ಬೇರೆ ಬೇರೆ ಕ್ರಿಯೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಅದು ಬೇಕು, ಅಷ್ಟೇ. ಕೋಶದೊಳಗೆ ನಿಜವಾಗಿ ಏನಾಗುತ್ತದೆ ಅಂತ ತಿಳಿಯಬೇಕಾದರೆ ಅಲ್ಲಿ ಈಗ ಯಾವುದು ಎಷ್ಟಿದೆ ಅನ್ನುವುದನ್ನು ಸೇರಿಸಬೇಕು:

ಡೆಲ್ಟಾ ಜಿ = ಡೆಲ್ಟಾ ಜಿ ನಾಟ್ ಪ್ರೈಮ್ + ಆರ್ × ಟಿ × ನ್ಯಾಚುರಲ್ ಲಾಗ್ ಕ್ಯೂ. ಇಲ್ಲಿ ಆರ್ ಅಂದರೆ ಗ್ಯಾಸ್ ಸ್ಥಿರಾಂಕ, ಕ್ಯೂ ಅಂದರೆ ಈಗಿರುವ ಉತ್ಪನ್ನಗಳ ಸಾಂದ್ರತೆಯನ್ನು ಈಗಿರುವ ಕಚ್ಚಾ ಪದಾರ್ಥಗಳ ಸಾಂದ್ರತೆಯಿಂದ ಭಾಗಿಸಿದ್ದು.

ಕೋಶ ತನ್ನ ಕೆಲಸ ನಡೆಸಲು ಒಡೆದು ಬಳಸುವ ಅಣು ಎಟಿಪಿ, ಅದನ್ನೇ ಹಾಕಿ ನೋಡೋಣ. ಎಟಿಪಿ ನೀರಿನ ಜೊತೆ ಸೇರಿ ಎಡಿಪಿ ಮತ್ತು ಫಾಸ್ಫೇಟ್ ಆಗುವುದಕ್ಕೆ ನಾಟ್ ಪ್ರೈಮ್ ಮೈನಸ್ 30.5 ಕಿಲೋಜೂಲ್. ಕೋಶದಲ್ಲಿ ಎಟಿಪಿ 5 ಮಿಲಿಮೋಲಾರ್, ಎಡಿಪಿ 0.5, ಫಾಸ್ಫೇಟ್ 5 ಇದೆ ಅಂತಿಟ್ಟುಕೊಳ್ಳಿ. ಎಲ್ಲವನ್ನೂ ಮೋಲಾರ್‌ಗೆ ತಂದು ಭಾಗಿಸಿದರೆ ಕ್ಯೂ 0.0005. ಅದರ ನ್ಯಾಚುರಲ್ ಲಾಗ್ ಮೈನಸ್ 7.6. ದೇಹದ ಉಷ್ಣತೆ 37 ಡಿಗ್ರಿಯಲ್ಲಿ ಆರ್‌ಟಿ ಅಂದರೆ 2.58 ಕಿಲೋಜೂಲ್. ಗುಣಿಸಿದರೆ ಮೈನಸ್ 19.6. ಒಟ್ಟು ಮೈನಸ್ 50.

ಬರೀ ಸಾಂದ್ರತೆಯ ದೆಸೆಯಿಂದ ಸುಮಾರು 20 ಕಿಲೋಜೂಲ್ ಜಾಸ್ತಿ ಸಿಕ್ಕಿತು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಇಷ್ಟೇ ಫಾಸ್ಫೇಟ್ ಇಟ್ಟುಕೊಂಡು ಕ್ರಿಯೆಯನ್ನು ಸಮತೋಲನಕ್ಕೆ ಬಿಟ್ಟರೆ ಒಂದು ಎಟಿಪಿಗೆ ಸುಮಾರು 2.7 ಕೋಟಿ ಎಡಿಪಿ ಇರಬೇಕಿತ್ತು. ಕೋಶದಲ್ಲಿ ಇರುವುದು ಒಂದು ಎಡಿಪಿಗೆ 10 ಎಟಿಪಿ. ಸಮತೋಲನದಿಂದ 27 ಕೋಟಿ ಪಟ್ಟು ಆಚೆ. ಎಟಿಪಿಯ 'ಶಕ್ತಿ' ಅಂದರೆ ಈ ದೂರವೇ.

ಎಟಿಪಿಯ ಬಂಧದಲ್ಲಿ ಶಕ್ತಿ ತುಂಬಿರುತ್ತೆ, ಒಡೆದಾಗ ಹೊರಗೆ ಬರುತ್ತೆ. ಸರಿ ತಾನೆ?

ಸರಿಯಲ್ಲ. ಯಾವ ಬಂಧವನ್ನೇ ಒಡೆಯಲಿ, ಶಕ್ತಿ ಕೊಡಲೇಬೇಕು. ಒಡೆದರೆ ಶಕ್ತಿ ಬರುವ ಬಂಧ ಅಂತ ಇಲ್ಲ. 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಫಾಸ್ಫೇಟ್ ಬಂಧಕ್ಕೆ ಅಂಕುಡೊಂಕಾದ ಗೆರೆ ಹಾಕಿ ತೋರಿಸಿದರು. ಅವರ ವಿಚಾರ ಸರಿಯೇ ಇತ್ತು, ಆದರೆ ಆ ಗೆರೆ ನೋಡಿದವರೆಲ್ಲ ಬಂಧದೊಳಗೆ ಏನೋ ಅಡಗಿ ಕೂತಿದೆ ಅಂತ ಅಂದುಕೊಂಡರು.

ನಡೆಯುವುದು ಹೀಗೆ. ಎಟಿಪಿಯಲ್ಲಿ ಮೂರು ಫಾಸ್ಫೇಟುಗಳು ಒತ್ತೊತ್ತಾಗಿವೆ. ಎಲ್ಲದರ ಮೇಲೂ ನೆಗೆಟಿವ್ ಚಾರ್ಜ್, ಒಂದನ್ನೊಂದು ದೂರ ತಳ್ಳುತ್ತವೆ. ನೀರು ಸೇರಿ ಒಂದು ಬೇರ್ಪಟ್ಟರೆ ಆ ತಳ್ಳಾಟ ಕಡಿಮೆಯಾಗುತ್ತದೆ. ಬೇರ್ಪಟ್ಟ ಫಾಸ್ಫೇಟಿನ ಎಲೆಕ್ಟ್ರಾನುಗಳಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ನೀರಿನ ಅಣುಗಳೂ ಅದನ್ನು ಚೆನ್ನಾಗಿ ಸುತ್ತುವರಿಯುತ್ತವೆ. ಹಳೆಯದನ್ನು ಒಡೆಯಲು ಕೊಟ್ಟದ್ದಕ್ಕಿಂತ ಹೊಸದಾಗಿ ಕೂಡಿದ್ದರಿಂದ ಬಂದದ್ದು ಜಾಸ್ತಿ. ಆ ಉಳಿತಾಯವೇ ಮೈನಸ್ 30.5.

ಉಳಿದದ್ದು ಸಾಂದ್ರತೆಯ ಮಾತು. ಓವರ್‌ಹೆಡ್ ಟ್ಯಾಂಕಿನ ನೀರಿಗೂ ಸಂಪಿನ ನೀರಿಗೂ ನೀರಾಗಿ ಏನೂ ವ್ಯತ್ಯಾಸವಿಲ್ಲ. ಮೇಲಿರುವುದು ನಲ್ಲಿಯಲ್ಲಿ ರಭಸವಾಗಿ ಬರುತ್ತದೆ, ಪಂಪ್ ಅದನ್ನು ಮೇಲಕ್ಕೆ ಹತ್ತಿಸಿದೆ ಅನ್ನುವ ಒಂದೇ ಕಾರಣಕ್ಕೆ. ಎಟಿಪಿ ಕತೆಯೂ ಇಷ್ಟೇ. ಪಂಪ್ ಇರುವುದು ಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಸಣ್ಣ ಅಂಗದಲ್ಲಿ.

ಇನ್ನೊಂದು ಮಾತು: ಎಟಿಪಿ ಎಲ್ಲಕ್ಕಿಂತ ಶಕ್ತಿಶಾಲಿ ಫಾಸ್ಫೇಟ್ ಅಲ್ಲ. ಫಾಸ್ಫೋಇನಾಲ್‌ಪೈರುವೇಟ್ ಮೈನಸ್ 61.9, ಕ್ರಿಯಾಟಿನ್ ಫಾಸ್ಫೇಟ್ ಮೈನಸ್ 43.1, ಗ್ಲೂಕೋಸ್-6-ಫಾಸ್ಫೇಟ್ ಮೈನಸ್ 13.8. ಎಟಿಪಿ ಇರುವುದು ನಡುವೆ. ನಡುವೆ ಇರುವುದರಿಂದಲೇ ಮೇಲಿನವರಿಂದ ಫಾಸ್ಫೇಟ್ ತೆಗೆದುಕೊಂಡು ಕೆಳಗಿನವರಿಗೆ ಕೊಡಲು ಅದಕ್ಕೆ ಆಗುವುದು.

ಪ್ಲಸ್ ಸಂಖ್ಯೆ ಇರೋ ಕ್ರಿಯೆ ಕೋಶದಲ್ಲಿ ಹೇಗೆ ನಡೆಯುತ್ತೆ?

ಎರಡು ದಾರಿ. ಒಂದು, ಉತ್ಪನ್ನವನ್ನು ಹುಟ್ಟಿದ ಹಾಗೇ ಎತ್ತಿಕೊಂಡು ಹೋಗುವುದು. ಕ್ರೆಬ್ಸ್ ಸೈಕಲ್ಲಿನ ಕೊನೆಯ ಹೆಜ್ಜೆ ನೋಡಿ. ಮ್ಯಾಲೇಟ್ ಆಕ್ಸಲೋಅಸಿಟೇಟ್ ಆಗುವುದಕ್ಕೆ ನಾಟ್ ಪ್ರೈಮ್ ಪ್ಲಸ್ 29.7. ಪುಸ್ತಕ ನೋಡಿದರೆ ಇದು ನಡೆಯಲೇಬಾರದು. ಆದರೆ ಮುಂದಿನ ಹೆಜ್ಜೆಯ ಕಿಣ್ವ ಸಿಟ್ರೇಟ್ ಸಿಂಥೇಸ್‌ಗೆ ಸುಮಾರು ಮೈನಸ್ 32 ಇದೆ. ಅದು ಆಕ್ಸಲೋಅಸಿಟೇಟ್ ಹುಟ್ಟಿದ ತಕ್ಷಣ ಕಬಳಿಸುತ್ತದೆ. ಹಾಗಾಗಿ ಅದರ ಸಾಂದ್ರತೆ ಒಂದು ಮೈಕ್ರೋಮೋಲಾರನ್ನೂ ದಾಟುವುದಿಲ್ಲ. ಕ್ಯೂ ಅಷ್ಟು ಸಣ್ಣದಾದಾಗ ಲಾಗ್ ದೊಡ್ಡ ಮೈನಸ್ ಆಗಿ ಪ್ಲಸ್ 29.7ನ್ನು ನುಂಗಿಹಾಕುತ್ತದೆ.

ಎರಡನೆಯದು ಜೋಡಿಸುವುದು. ಗ್ಲೂಕೋಸಿಗೆ ಬರೀ ಫಾಸ್ಫೇಟ್ ಅಂಟಿಸಲು ಪ್ಲಸ್ 13.8. ಎಟಿಪಿ ಒಡೆಯುವುದು ಮೈನಸ್ 30.5. ಎರಡೂ ಕೂಡಿದರೆ ಮೈನಸ್ 16.7. ಎಟಿಪಿ ಒಂದು ಮೂಲೆಯಲ್ಲಿ ಒಡೆದು, ಅದರ ಶಾಖ ಬಂದು ಗ್ಲೂಕೋಸಿಗೆ ತಾಗುತ್ತದೆ ಅಂತ ಭಾವಿಸಬೇಡಿ. ಹಾಗೆ ಒಡೆದರೆ ಅದು ದಂಡ. ಹೆಕ್ಸೋಕೈನೇಸ್ ಎಂಬ ಕಿಣ್ವ ಎರಡನ್ನೂ ತನ್ನೊಳಗೆ ಹಿಡಿದು, ಎಟಿಪಿಯ ಫಾಸ್ಫೇಟನ್ನು ನೇರವಾಗಿ ಗ್ಲೂಕೋಸಿಗೆ ದಾಟಿಸುತ್ತದೆ. ಗ್ಲೂಕೋಸ್ ಒಳಗೆ ಕೂತ ಮೇಲೆ ಕಿಣ್ವದ ಎರಡು ಹೋಳುಗಳು ಮುಚ್ಚಿಕೊಳ್ಳುತ್ತವೆ. ನೀರಿಗೆ ಅಲ್ಲಿ ಜಾಗವಿರುವುದಿಲ್ಲ. ಎಟಿಪಿ ಸುಮ್ನೆ ವ್ಯರ್ಥವಾಗಿ ಒಡೆಯದಂತೆ ಇದು ಎಷ್ಟು ಚೆಂದದ ಏರ್ಪಾಡು, ಅಲ್ವಾ?

ದಿನಕ್ಕೆ ನಮಗೆ ಎಷ್ಟು ಎಟಿಪಿ ಬೇಕು?

ಲೆಕ್ಕ ನೀವೇ ಹಾಕಬಹುದು. ದಿನಕ್ಕೆ 2000 ಕಿಲೋಕ್ಯಾಲೊರಿ ಊಟ ಅಂದರೆ ಸುಮಾರು 8400 ಕಿಲೋಜೂಲ್. ಅದರಲ್ಲಿ ಅರ್ಧ ಎಟಿಪಿ ಮೂಲಕ ಹೋಗುತ್ತದೆ ಅಂದುಕೊಳ್ಳಿ. 4200ನ್ನು 50ರಿಂದ ಭಾಗಿಸಿದರೆ 84 ಮೋಲ್. ಒಂದು ಮೋಲ್ ಎಟಿಪಿ 507 ಗ್ರಾಂ. 40 ಕಿಲೋ ದಾಟಿತು! ದೇಹದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಎಟಿಪಿ ನೂರು ಗ್ರಾಂ ಒಳಗೇ. ಅಂದರೆ ಒಂದೊಂದು ಅಣುವೂ ದಿನಕ್ಕೆ ನೂರಾರು ಸಲ ಒಡೆದು ಮತ್ತೆ ಕೂಡುತ್ತದೆ.

1929ರಲ್ಲಿ ಎಟಿಪಿಯನ್ನು ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು ಅಂತ ಪುಸ್ತಕದಲ್ಲಿರುತ್ತದೆ. ಅದೇ ವರ್ಷ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಅದನ್ನು ಬೇರೆಯಾಗಿ ಕಂಡುಹಿಡಿದವರು ನಮ್ಮ ಪಕ್ಕದ ಆಂಧ್ರದ ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಪ್ರಾಕ್ಟಿಕಲ್ಸ್‌ನಲ್ಲಿ ಫಾಸ್ಫೇಟ್ ಅಳೆಯಲು ನೀಲಿ ಬಣ್ಣ ಬರಿಸುವ ಫಿಸ್ಕೆ-ಸುಬ್ಬರಾವ್ ವಿಧಾನ ಮಾಡುತ್ತೀರಲ್ಲ, ಅದೇ ಸುಬ್ಬರಾವ್.

ಕೋಶದಲ್ಲಿ ಎಲ್ಲವೂ ಸಮತೋಲನಕ್ಕೆ ಬಂದರೆ ಒಳ್ಳೆಯದಲ್ವಾ?

ಸಮತೋಲನಕ್ಕೆ ಬಂದ ಕೋಶ ಸತ್ತ ಕೋಶ. ಅಲ್ಲಿಂದ ಒಂದಿಷ್ಟೂ ಕೆಲಸ ತೆಗೆಯಲು ಆಗುವುದಿಲ್ಲ. ಸತ್ತ ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುವುದು ಇದರದೇ ಗುರುತು. ಮಾಂಸಖಂಡದಲ್ಲಿ ಮಯೋಸಿನ್ ಎಂಬ ಪ್ರೋಟೀನ್ ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತದೆ. ಹಿಡಿದದ್ದನ್ನು ಬಿಡಬೇಕಾದರೆ ಹೊಸ ಎಟಿಪಿ ಬಂದು ಅದಕ್ಕೆ ಅಂಟಬೇಕು. ಎಟಿಪಿ ಮುಗಿದರೆ ಹಿಡಿದ ಹಿಡಿ ಹಾಗೇ ಉಳಿಯುತ್ತದೆ.

ಜೀವಿಗಳು ಎರಡನೇ ನಿಯಮ ಮುರೀತವೆ ಅಂತ ಯಾರೋ ಹೇಳಿದ್ರು.

ಮುರಿಯುವುದಿಲ್ಲ. ಒಟ್ಟು ಎಂಟ್ರೊಪಿ ಕಡಿಮೆಯಾಗುವುದಿಲ್ಲ ಅನ್ನುವ ಈ ನಿಯಮ ಹೇಳುವುದು ಕೋಶ ಮತ್ತು ಅದರ ಸುತ್ತಮುತ್ತ ಎರಡನ್ನೂ ಕೂಡಿಸಿದ ಎಂಟ್ರೊಪಿ ಬಗ್ಗೆ. ಕೋಶ ಒಳಗೆ ಅಚ್ಚುಕಟ್ಟು ಮಾಡಿಕೊಳ್ಳುತ್ತಲೇ ಹೊರಗೆ ಶಾಖ ಬಿಡುತ್ತದೆ. ಸುಮ್ಮನೆ ಕೂತ ಮನುಷ್ಯನೂ 100 ವ್ಯಾಟ್ ಹತ್ತಿರ ಶಾಖ ಬಿಡುತ್ತಾನೆ. ಮದುವೆ ಛತ್ರದ ಊಟದ ಹಾಲ್ ಅಷ್ಟು ಧಗೆಯಾಗುವುದು ಅಡುಗೆಯಿಂದ ಮಾತ್ರ ಅಲ್ಲ. ಅಂದ ಹಾಗೆ, ಕಿಲೋಗೆ ಕಿಲೋ ಹೋಲಿಸಿದರೆ ನಾವು ಸೂರ್ಯನಿಗಿಂತ ಸಾವಿರಾರು ಪಟ್ಟು ಜಾಸ್ತಿ ಶಾಖ ಹುಟ್ಟಿಸುತ್ತೇವೆ. ಸೂರ್ಯನ ಒಂದು ಕಿಲೋಗೆ ಬರುವುದು 0.0002 ವ್ಯಾಟ್ ಅಷ್ಟೇ, ನಮ್ಮದು ಒಂದೂವರೆ.

ಎಟಿಪಿ ಮಾಡದೆ ಎಲ್ಲವನ್ನೂ ಶಾಖವಾಗಿ ಬಿಟ್ಟರೆ ತೂಕ ಇಳಿಯುತ್ತಲ್ವಾ? ಅಂಥ ಮಾತ್ರೆ ಇದೆಯಂತೆ.

ಇತ್ತು. ಜನ ಸತ್ತರು.

ಮೈಟೋಕಾಂಡ್ರಿಯಾ ಒಳಪೊರೆಯ ಒಂದು ಕಡೆಯಿಂದ ಪ್ರೋಟಾನುಗಳನ್ನು ಹೊರಗೆ ತಳ್ಳುತ್ತದೆ. ಅವು ವಾಪಸ್ ಬರುವಾಗ ಎಟಿಪಿ ಸಿಂಥೇಸ್ ಎಂಬ ಯಂತ್ರವನ್ನು ತಿರುಗಿಸಿಕೊಂಡು ಬರುತ್ತವೆ. 1961ರಲ್ಲಿ ಪೀಟರ್ ಮಿಚೆಲ್ ಇದನ್ನು ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. 1978ರಲ್ಲಿ ನೊಬೆಲ್ ಬಂತು. ಡೈನೈಟ್ರೋಫೀನಾಲ್, ಅಂದರೆ ಡಿಎನ್‌ಪಿ, ಪ್ರೋಟಾನುಗಳನ್ನು ಆ ಯಂತ್ರದ ದಾರಿ ತಪ್ಪಿಸಿ ಪೊರೆಯ ಮೂಲಕವೇ ಒಳಗೆ ದಾಟಿಸಿಬಿಡುತ್ತದೆ. ಊಟ ಉರಿಯುತ್ತಲೇ ಇರುತ್ತದೆ, ಎಟಿಪಿ ಆಗುವುದಿಲ್ಲ, ಎಲ್ಲವೂ ಶಾಖ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಇದನ್ನು ಮುಟ್ಟುತ್ತಿದ್ದ ಕೆಲಸಗಾರರು ಸೊರಗಿದರು, ಕೆಲವರು ಸತ್ತರು. 1933ರ ಹೊತ್ತಿಗೆ ಅಮೆರಿಕದಲ್ಲಿ ಅದೇ ತೂಕ ಇಳಿಸುವ ಔಷಧವಾಯಿತು. 1938ರಲ್ಲಿ ಅಲ್ಲಿ ಅದನ್ನು ನಿಲ್ಲಿಸಿದರು. ಪ್ರಮಾಣ ಸ್ವಲ್ಪ ಹೆಚ್ಚಾದರೆ ಮೈ ಬಿಸಿ ಏರುತ್ತಲೇ ಹೋಗುತ್ತದೆ. ಅದಕ್ಕೆ ಪ್ರತಿಮದ್ದು ಇಲ್ಲ. ಇಂಟರ್ನೆಟ್‌ನಲ್ಲಿ ಈಗಲೂ ಕದ್ದುಮುಚ್ಚಿ ಮಾರುತ್ತಾರೆ. ಜಿಮ್‌ನಲ್ಲಿ ಯಾರು ಕೊಟ್ಟರೂ ಮುಟ್ಟಬೇಡಿ.

ಹುಟ್ಟಿದ ಮಗುವಿನ ಕಂದು ಕೊಬ್ಬು ಇದೇ ಕೆಲಸವನ್ನು ಹದವಾಗಿ ಮಾಡಿ ಮೈ ಬೆಚ್ಚಗಿಡುತ್ತದೆ. ಅಲ್ಲಿ ಪ್ರೋಟಾನ್ ದಾಟಿಸಲು ಒಂದು ಪ್ರೋಟೀನೇ ಇದೆ. ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುತ್ತದೆ.

ಪ್ರೋಟೀನ್ ಮಡಿಚಿಕೊಳ್ಳೋದು ಎಂಟ್ರೊಪಿಗೆ ವಿರುದ್ಧ ಅಲ್ವಾ?

ಪ್ರೋಟೀನ್ ಒಂದನ್ನೇ ನೋಡಿದರೆ ಹೌದು. ಉದ್ದದ ಸರಪಳಿ ಲೆಕ್ಕವಿಲ್ಲದಷ್ಟು ರೀತಿಯಲ್ಲಿ ಓಲಾಡುತ್ತಿತ್ತು, ಈಗ ಒಂದೇ ಆಕಾರಕ್ಕೆ ಕಟ್ಟುಬಿತ್ತು. ಆದರೆ ಸುತ್ತಲಿನ ನೀರನ್ನು ಮರೆಯಬೇಡಿ.

ಅಮೈನೋ ಆಮ್ಲಗಳಲ್ಲಿ ಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್‌ಗಳ ಸೈಡ್ ಚೈನ್‌ಗಳು ಎಣ್ಣೆಯ ಜಾತಿಯವು. ಅವು ನೀರಿನಲ್ಲಿ ತೆರೆದುಕೊಂಡಿದ್ದರೆ ಸುತ್ತಲಿನ ನೀರಿನ ಅಣುಗಳಿಗೆ ಆ ಕಡೆ ಹೈಡ್ರೋಜನ್ ಬಂಧ ಮಾಡಲು ಯಾರೂ ಸಿಗುವುದಿಲ್ಲ. ತಮ್ಮತಮ್ಮಲ್ಲೇ ಬಂಧ ಉಳಿಸಿಕೊಳ್ಳಲು ಅವು ಕೆಲವೇ ಭಂಗಿಗಳಲ್ಲಿ ನಿಲ್ಲಬೇಕಾಗುತ್ತದೆ. ನೀರಿನ ಎಂಟ್ರೊಪಿ ಕಡಿಮೆಯಾಯಿತು. ಸರಪಳಿ ಮಡಿಚಿ ಆ ಎಣ್ಣೆ ಭಾಗಗಳು ಒಳಗೆ ಅಡಗಿದರೆ ಅಷ್ಟೂ ನೀರಿಗೆ ಬಿಡುಗಡೆ. 1959ರಲ್ಲಿ ವಾಲ್ಟರ್ ಕೌಜ್‌ಮನ್ ಪ್ರೋಟೀನ್ ನಿಲ್ಲುವುದರಲ್ಲಿ ಇದರ ಪಾಲು ದೊಡ್ಡದು ಅಂತ ವಾದಿಸಿದರು. ಕೋಣೆಯ ಉಷ್ಣತೆಯಲ್ಲಿ ಎಣ್ಣೆ ನೀರಿನಿಂದ ಬೇರೆಯಾಗುವುದೂ ಬಹುಪಾಲು ಎಂಟ್ರೊಪಿ ಕಾರಣಕ್ಕೇ, ಶಾಖದ ಕಾರಣಕ್ಕಲ್ಲ.

ಯಾವ ಆಕಾರ ಅಂತ ಸರಪಳಿಗೆ ಹೇಗೆ ಗೊತ್ತಾಗುತ್ತೆ?

ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್‌ಸನ್ ರೈಬೋನ್ಯೂಕ್ಲಿಯೇಸ್ ಎಂಬ 124 ಅಮೈನೋ ಆಮ್ಲಗಳ ಕಿಣ್ವದ ಮೇಲೆ ಮಾಡಿದ ಪ್ರಯೋಗ ನನಗೆ ಇಂದಿಗೂ ಬಹಳ ಇಷ್ಟ. ಅದರಲ್ಲಿ ಗಂಧಕವಿರುವ ಅಮೈನೋ ಆಮ್ಲವಾದ 8 ಸಿಸ್ಟೀನ್‌ಗಳಿವೆ, ಜೋಡಿಯಾಗಿ 4 ಗಂಧಕದ ಸೇತುವೆ. 8 ಮೋಲಾರ್ ಯೂರಿಯಾ ಹಾಕಿ ಸರಪಳಿ ಬಿಚ್ಚಿದರು, ಮರ್ಕ್ಯಾಪ್ಟೋಎಥನಾಲ್ ಹಾಕಿ ಸೇತುವೆ ಒಡೆದರು. ಕಿಣ್ವ ಸತ್ತಿತು. ಎರಡನ್ನೂ ತೆಗೆದು ಗಾಳಿಗೆ ಬಿಟ್ಟರೆ ಕಿಣ್ವ ಹೆಚ್ಚುಕಡಿಮೆ ಪೂರ್ತಿ ಜೀವ ಪಡೆಯಿತು.

ಆಮೇಲೆ ಒಂದು ಕುಚೋದ್ಯ ಮಾಡಿದರು. ಯೂರಿಯಾ ಇರುವಾಗಲೇ ಸೇತುವೆ ಕೂಡಿಕೊಳ್ಳಲು ಬಿಟ್ಟರು. 8 ಸಿಸ್ಟೀನ್ ಜೋಡಿಯಾಗುವ ದಾರಿಗಳು 105. ಹೇಗೆ ಬೇಕೋ ಹಾಗೆ ಕೂಡಿದವು. ಕಿಣ್ವದ ಕೆಲಸ 1 ಶೇಕಡಾ ಆಸುಪಾಸು ಉಳಿಯಿತು. ಯೂರಿಯಾ ತೆಗೆದು ಮರ್ಕ್ಯಾಪ್ಟೋಎಥನಾಲ್ ಒಂದು ಚೂರು ಸೇರಿಸಿದರೆ, ತಪ್ಪು ಸೇತುವೆಗಳು ನಿಧಾನವಾಗಿ ಕಳಚಿ ಸರಿಯಾದವೇ ಕೂಡಿದವು. ಯಾರೂ ಹೇಳಿಕೊಡಲಿಲ್ಲ. ಮುಕ್ತ ಶಕ್ತಿ (ಡೆಲ್ಟಾ ಜಿಯ ಜಿ ಅದೇ) ಎಲ್ಲಿ ಅತಿ ಕಡಿಮೆಯೋ ಅಲ್ಲಿಗೆ ಸರಪಳಿ ತಾನೇ ಬಂದು ಕೂತಿತು. 1972ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಹಾಗಂತ ಎಲ್ಲ ಆಕಾರಗಳನ್ನೂ ಒಂದೊಂದಾಗಿ ಹುಡುಕಿ ನೋಡುವುದಿಲ್ಲ. 100 ಅಮೈನೋ ಆಮ್ಲ, ಒಂದಕ್ಕೆ 3 ಭಂಗಿ ಅಂದರೂ 10ರ 47ನೇ ಘಾತದಷ್ಟು ಆಕಾರಗಳು. ವಿಶ್ವದ ವಯಸ್ಸು ಸಾಲದು. ಇದನ್ನು ಲೆವಿಂಥಾಲ್ ಒಗಟು ಅನ್ನುತ್ತಾರೆ. ಅರ್ಧಂಬರ್ಧ ಸರಿಯಾದ ಮಡಿಕೆಗಳು ಅಲ್ಲಲ್ಲಿ ಉಳಿದುಕೊಂಡು ಹುಡುಕಾಟ ಕಡಿಮೆ ಮಾಡುತ್ತವೆ. ಬಹಳಷ್ಟು ಭಂಗಿಗಳು ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದಲೇ ಸಾಧ್ಯವಿಲ್ಲ. ಯಾವ ಕೋನಗಳು ಸಾಧ್ಯ ಅಂತ ನಕ್ಷೆ ಹಾಕಿ 1963ರಲ್ಲಿ ತೋರಿಸಿದವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರೂ ಅವರೇ. ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನ್ ರಚನೆ ಪ್ರಕಟಿಸಿದರೂ ಇಂದಿಗೂ ರಾಮಚಂದ್ರನ್ ಪ್ಲಾಟ್ ಹಾಕಿ ನೋಡುತ್ತಾರೆ.

ಮಡಿಚಿದ ಪ್ರೋಟೀನ್ ಎಷ್ಟು ಗಟ್ಟಿ?

ಆಶ್ಚರ್ಯ ಆಗುವಷ್ಟು ಸಡಿಲ. ಬಹಳಷ್ಟು ಪ್ರೋಟೀನುಗಳಲ್ಲಿ ಬಿಚ್ಚಿದ ಸ್ಥಿತಿಗೂ ಮಡಿಚಿದ ಸ್ಥಿತಿಗೂ ಇರುವ ವ್ಯತ್ಯಾಸ 20ರಿಂದ 60 ಕಿಲೋಜೂಲ್. ಒಂದೇ ಒಂದು ಎಟಿಪಿ ಒಡೆದರೆ ಬರುವಷ್ಟು! ಒಂದು ಕಡೆ ಸರಪಳಿ ಕಳೆದುಕೊಂಡ ಎಂಟ್ರೊಪಿ, ಇನ್ನೊಂದು ಕಡೆ ನೀರಿನ ಬಿಡುಗಡೆ, ಒಳಗಿನ ಹೈಡ್ರೋಜನ್ ಬಂಧ. ಎರಡು ದೊಡ್ಡ ಮೊತ್ತಗಳನ್ನು ಕಳೆದು ಉಳಿಯುವ ಪುಡಿಕಾಸು ಇದು. 20 ಕಿಲೋಜೂಲ್ ಅಂದರೆ 37 ಡಿಗ್ರಿಯಲ್ಲಿ ಸುಮಾರು 2,300 ಅಣುಗಳಲ್ಲಿ ಒಂದು ಬಿಚ್ಚಿಕೊಂಡಿರುತ್ತದೆ. ಒಂದು ಅಮೈನೋ ಆಮ್ಲ ಬದಲಾಗಿ 5-10 ಕಿಲೋಜೂಲ್ ಹೋದರೆ ಅಂಥ ಪ್ರೋಟೀನಿಗೆ ಕಷ್ಟವೇ. ಎಷ್ಟೋ ಆನುವಂಶಿಕ ಕಾಯಿಲೆಗಳ ಬೇರು ಇಲ್ಲಿದೆ.

ಬೆಂದ ಮೊಟ್ಟೆ ತಣ್ಣಗಾದರೆ ವಾಪಸ್ ಯಾಕೆ ಆಗಲ್ಲ? ಹಾಲು ಕಾಯಿಸಿದರೆ ಯಾಕೆ ಗಟ್ಟಿಯಾಗಲ್ಲ?

ಮೊಟ್ಟೆಯ ಬಿಳಿಯಲ್ಲಿ ಓವೋಟ್ರಾನ್ಸ್‌ಫೆರಿನ್ 61-62 ಡಿಗ್ರಿಗೆ ಬಿಚ್ಚಿಕೊಳ್ಳುತ್ತದೆ. ಬಿಳಿ ಮಂಜು ಮಂಜಾಗಿ ಗಟ್ಟಿಯಾಗಲು ಶುರುವಾಗುವುದು ಆಗಲೇ. ಅರ್ಧಕ್ಕಿಂತ ಜಾಸ್ತಿ ಇರುವ ಓವಾಲ್ಬುಮಿನ್‌ಗೆ 80 ಡಿಗ್ರಿ ದಾಟಬೇಕು. ಅದಕ್ಕೇ ಸಣ್ಣ ಉರಿಯಲ್ಲಿ ಬೇಯಿಸಿದ ಮೊಟ್ಟೆ ಮೆತ್ತಗಿರುತ್ತದೆ. ಬಿಚ್ಚಿಕೊಂಡಾಗ ಒಳಗಿದ್ದ ಎಣ್ಣೆ ಭಾಗಗಳು ಹೊರಗೆ ಬರುತ್ತವೆ. ಪಕ್ಕದಲ್ಲೇ ಇನ್ನೊಂದು ಬಿಚ್ಚಿದ ಸರಪಳಿ. ತನ್ನೊಳಗೆ ಮಡಿಚಿಕೊಳ್ಳುವ ಬದಲು ಅದಕ್ಕೆ ಅಂಟಿಕೊಳ್ಳುತ್ತದೆ. ಆ ಬಲೆಯಿಂದ ತಣ್ಣಗಾದ ಮಾತ್ರಕ್ಕೆ ಹೊರಗೆ ಬರಲು ಆಗುವುದಿಲ್ಲ. ಆನ್‌ಫಿನ್‌ಸನ್‌ಗೆ ಸಾಧ್ಯವಾದದ್ದು ತೆಳುವಾದ ದ್ರಾವಣ ಬಳಸಿದ್ದರಿಂದ.

ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್. ಅದಕ್ಕೆ ಗಟ್ಟಿಯಾದ ಮಡಿಕೆಯೇ ಇಲ್ಲ. ಬಿಚ್ಚಲು ಏನಿದೆ? ಹಾಗಾಗಿ ಕುದಿಸಿದರೂ ಸಹಿಸುತ್ತದೆ. ಅದರ ಗುಂಪುಗಳು ಒಂದಕ್ಕೊಂದು ಅಂಟದಂತೆ ಕಾಯುವುದು ಮೇಲಿನ ನೆಗೆಟಿವ್ ಚಾರ್ಜ್. ನಿಂಬೆರಸ ಹಿಂಡಿ ಪಿಎಚ್ 6.7ರಿಂದ 4.6ರ ಕಡೆಗೆ ಇಳಿಸಿದರೆ ಆ ಚಾರ್ಜ್ ಹೋಗಿ ಹಾಲು ಒಡೆಯುತ್ತದೆ. ಮೊಸರು ಆಗುವುದೂ ಹೀಗೇ, ಅಲ್ಲಿ ಆಮ್ಲವನ್ನು ಬ್ಯಾಕ್ಟೀರಿಯಾ ಮಾಡುತ್ತವೆ. ಚೆನ್ನಾಗಿ ಕಾಯಿಸಿದ ಹಾಲಿನ ಮೊಸರು ಗಟ್ಟಿ ಬರುವುದಕ್ಕೂ ಕಾರಣ ಇದೆ. ಹಾಲಿನ ತಿಳಿಯಲ್ಲಿರುವ ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್ ಬಿಸಿಗೆ ಬಿಚ್ಚಿ ಕೇಸೀನಿಗೆ ಅಂಟಿಕೊಂಡಿರುತ್ತದೆ, ಅದೂ ಮೊಸರಿನ ಬಲೆಯಲ್ಲಿ ಸೇರುತ್ತದೆ.

ಬಿಸಿಗೆ ಹಾಳಾಗುತ್ತೆ, ಸರಿ. ತಣ್ಣಗಿಟ್ಟರೆ ಹಾಳಾಗಲ್ಲ ತಾನೆ?

ಯಾವಾಗಲೂ ಹಾಗಲ್ಲ. ಪ್ರೋಟೀನಿನ ಗಟ್ಟಿತನವನ್ನು ಉಷ್ಣತೆ ಜೊತೆ ಗೆರೆ ಹಾಕಿದರೆ ಕಮಾನಿನ ಆಕಾರ ಬರುತ್ತದೆ. ಎರಡೂ ಕಡೆ ಇಳಿಯುತ್ತದೆ. ತೀರಾ ತಂಪಾದಾಗ ಎಣ್ಣೆ ಭಾಗಗಳನ್ನು ಒಳಗೆ ದೂಡುವ ಬಲವೇ ಕುಗ್ಗುತ್ತದೆ. ಬಹಳಷ್ಟು ಪ್ರೋಟೀನುಗಳಿಗೆ ಇದು ಸೊನ್ನೆ ಡಿಗ್ರಿಗಿಂತ ಕೆಳಗೆ ಆಗುವ ಮಾತು, ಹಾಗಾಗಿ ಕಾಣುವುದಿಲ್ಲ.

ಇನ್ಸುಲಿನ್ ವಿಷಯ ಬೇರೆ. ಬಳಸುವ ಮುಂಚೆ 2ರಿಂದ 8 ಡಿಗ್ರಿಯಲ್ಲಿ ಇಡಿ, ಫ್ರೀಜರ್‌ನಲ್ಲಿ ಇಡಬೇಡಿ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಐಸ್ ಹರಳಾಗುವಾಗ ಪ್ರೋಟೀನು, ಲವಣ ಎಲ್ಲವನ್ನೂ ಉಳಿದ ಚೂರು ನೀರಿಗೆ ತಳ್ಳುತ್ತದೆ. ಅಲ್ಲಿ ಒತ್ತೊತ್ತಾಗಿ ಸೇರಿ ಗಂಟುಗಟ್ಟುತ್ತವೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಳಸಬಾರದು.

ಬಿಸಿನೀರಿನ ಬುಗ್ಗೆಯಲ್ಲಿರೋ ಬ್ಯಾಕ್ಟೀರಿಯಾ ಯಾಕೆ ಬೇಯಲ್ಲ?

ಅವುಗಳ ಪ್ರೋಟೀನ್ ಒಳಗೆ ಇನ್ನೂ ಬಿಗಿಯಾಗಿ ಕೂತಿರುತ್ತದೆ. ಪ್ಲಸ್-ಮೈನಸ್ ಚಾರ್ಜ್‌ಗಳ ಜೋಡಿ ಜಾಸ್ತಿ, ಸಡಿಲ ಸುತ್ತುಗಳು ಕಡಿಮೆ. ಒಂದೇ ಮಂತ್ರ ಅಂತ ಇಲ್ಲ, ಸಣ್ಣ ಸಣ್ಣವು ಸೇರಿ ಸ್ವಲ್ಪ ಕಿಲೋಜೂಲ್ ಹೆಚ್ಚಾದರೂ ಸಾಕು. ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಗಳಿಂದ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ತಂದು 1969ರಲ್ಲಿ ವಿವರಿಸಿದ ಥರ್ಮಸ್ ಅಕ್ವಾಟಿಕಸ್‌ನ ಟ್ಯಾಕ್ ಪಾಲಿಮರೇಸ್ 95 ಡಿಗ್ರಿಯಲ್ಲೂ ಹತ್ತಾರು ನಿಮಿಷ ತಡೆಯುತ್ತದೆ. ಡಿಎನ್‌ಎ ನಕಲು ಮಾಡುವ ಪಿಸಿಆರ್ ಮಷೀನುಗಳು ಪ್ರತಿ ಸುತ್ತಿಗೂ ಹೊಸ ಕಿಣ್ವ ಹಾಕದೆ ಓಡುವುದು ಇದರ ದೆಸೆಯಿಂದ.

ಇದನ್ನೆಲ್ಲ ಅಳೆಯೋದು ಹೇಗೆ?

ಈಗ ಐಸ್ ಮತ್ತು ಗಿನಿಪಿಗ್ ಬೇಕಿಲ್ಲ. ಡಿಎಸ್‌ಸಿ (ಡಿಫರೆನ್ಶಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್) ಎಂಬ ಉಪಕರಣದಲ್ಲಿ ಒಂದು ಕಡೆ ಪ್ರೋಟೀನ್ ದ್ರಾವಣ, ಇನ್ನೊಂದು ಕಡೆ ಬರೀ ಬಫರ್ ಇಟ್ಟು ಎರಡನ್ನೂ ಒಂದೇ ವೇಗದಲ್ಲಿ ಬಿಸಿ ಮಾಡುತ್ತಾರೆ. ಬಿಚ್ಚಿಕೊಳ್ಳುವ ಹೊತ್ತಿಗೆ ಪ್ರೋಟೀನ್ ಕಡೆಗೆ ಹೆಚ್ಚು ಶಾಖ ಬೇಕಾಗುತ್ತದೆ, ಗೆರೆಯಲ್ಲಿ ಗೋಪುರ ಏಳುತ್ತದೆ. ಮೊಟ್ಟೆಯ ಲೈಸೊಝೈಮ್‌ಗೆ ಅದು 75 ಡಿಗ್ರಿ ಆಸುಪಾಸು. ಔಷಧ ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಅಂತ ನೋಡಲು, ಅಂಟುವಾಗಿನ ಶಾಖ ಅಳೆಯುವ ಐಟಿಸಿ (ಐಸೋಥರ್ಮಲ್ ಟೈಟ್ರೇಶನ್ ಕ್ಯಾಲೊರಿಮೀಟರ್) ಬಳಸುತ್ತಾರೆ.

ಲೆಕ್ಕದಲ್ಲಿ ಎಲ್ಲಿ ತಪ್ಪುತ್ತೇವೆ?

ಡಿಗ್ರಿಗೆ 273 ಕೂಡಿಸಲು ಮರೆಯುವುದು. ಮಿಲಿಮೋಲಾರನ್ನು ಮೋಲಾರ್‌ಗೆ ತರದೆ ಕ್ಯೂ ಹಾಕುವುದು. ನ್ಯಾಚುರಲ್ ಲಾಗ್ ಇರುವಲ್ಲಿ 10ರ ಲಾಗ್ ಒತ್ತುವುದು, ಹಾಗೆ ಒತ್ತಿದರೆ 2.303ರಿಂದ ಗುಣಿಸಿ. ಒಂದು ಕಿಲೋಕ್ಯಾಲೊರಿ 4.184 ಕಿಲೋಜೂಲ್, ಬಿಸ್ಕೆಟ್ ಪೊಟ್ಟಣದ 'ಕ್ಯಾಲೊರಿ' ಅಂದರೂ ಕಿಲೋಕ್ಯಾಲೊರಿಯೇ. ಆರ್‌ಗೆ 8.314 ಹಾಕಿದರೆ ಉತ್ತರ ಜೂಲ್‌ನಲ್ಲಿ ಬರುತ್ತದೆ, ನಾಟ್ ಪ್ರೈಮ್ ಇರುವುದು ಕಿಲೋಜೂಲ್‌ನಲ್ಲಿ. ಕೂಡಿಸುವ ಮುಂಚೆ 1000ದಿಂದ ಭಾಗಿಸಿ.